ಆನ್‌ಲೈನ್ ಪಾಠ ಮತ್ತು ಡಿಜಿಟಲ್ ಸಾಕ್ಷರತೆ: ಟ್ಯಾಬ್ ಬಂದರಷ್ಟೇ ಸಾಲದು

ಡಿಜಿಟಲ್ ಸಾಕ್ಷರತೆ ಎಂದರೆ ಗಣಕಯಂತ್ರವನ್ನೋ ಮೊಬೈಲನ್ನೋ ಬಳಸಲು ಬರುವುದಷ್ಟೇ ಅಲ್ಲ. ಅಂತರ್ಜಾಲದಲ್ಲಿ ಬೇಕಾದ ಮಾಹಿತಿಯನ್ನು ಹುಡುಕಿ, ಅದರ ಸತ್ಯಾಸತ್ಯತೆಯನ್ನು ಪರಿಶೀಲಿಸಿ, ತನ್ನ ಉತ್ತರವನ್ನು ತನ್ನ ಭಾಷೆಯಲ್ಲೇ ಬರೆದು ಕಳುಹಿಸುವ ಸಾಮರ್ಥ್ಯವೂ ಅದರಲ್ಲಿ ಸೇರಿದೆ. ಅಮೆರಿಕದ ಲೇಖಕ ಪಾಲ್ ಗಿಲ್‌ಸ್ಟರ್ 1997ರಲ್ಲಿ ಇದೇ ಹೆಸರಿನ ಪುಸ್ತಕದ ಮೂಲಕ ಈ ಪರಿಕಲ್ಪನೆಯನ್ನು ಪ್ರಚಾರಕ್ಕೆ ತಂದರು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಇದರ ಅಗತ್ಯ ಎದ್ದು ಕಂಡದ್ದು 2020ರಲ್ಲಿ.

ಹಿನ್ನೆಲೆ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ಈ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಸಾಲಿಗೆ ಸೇರಿಸಿತ್ತು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಆದರೂ ಹಳ್ಳಿಯ ಬಡ ಮಕ್ಕಳ ಪದವಿ ಶಿಕ್ಷಣಕ್ಕೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೇ ಆಸರೆ.

2020ರ ಮಾರ್ಚ್‌ನಲ್ಲಿ ದೇಶದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದವರು ಕಲಬುರಗಿಯ ವೃದ್ಧರೊಬ್ಬರು. ಕಾಲೇಜುಗಳು ಮುಚ್ಚಿ, ಪಾಠ ಮೊಬೈಲ್ ಪರದೆಗೆ ಬಂತು. ಅದೇ ಅಕ್ಟೋಬರ್‌ನಲ್ಲಿ ಭೀಮಾ ನದಿಯ ಪ್ರವಾಹ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿತೀರದ ಗ್ರಾಮಗಳನ್ನು ಕಂಗೆಡಿಸಿತು.

ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ ವರದಿಯ ಪ್ರಕಾರ, ದೇಶದ ಗ್ರಾಮೀಣ ಕುಟುಂಬಗಳ ಪೈಕಿ ಗಣಕಯಂತ್ರ ಇದ್ದದ್ದು ಶೇ 4.4ರಷ್ಟರಲ್ಲಿ ಮಾತ್ರ, ಅಂತರ್ಜಾಲ ಸೌಲಭ್ಯ ಇದ್ದದ್ದು ಶೇ 14.9ರಷ್ಟರಲ್ಲಿ.

ಸರ್ಕಾರದ ಕ್ರಮಗಳು

2021ರ ಜನವರಿಯಲ್ಲಿ ರಾಜ್ಯ ಸರ್ಕಾರವು ತನ್ನ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ಕಲಿಕಾ ನಿರ್ವಹಣಾ ವ್ಯವಸ್ಥೆಯನ್ನು ಆರಂಭಿಸಿತು. ಜೂನ್‌ನಲ್ಲಿ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ವಿತರಣೆ ಆರಂಭವಾಯಿತು. ಹೊಸ ಶಿಕ್ಷಣ ನೀತಿಯಡಿ 2021-22ರಿಂದ ಪದವಿಯಲ್ಲಿ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಕೌಶಲ ವಿಷಯ ಸೇರಿತು. 2024ರಲ್ಲಿ ರಾಜ್ಯವು ಆ ನೀತಿಯ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದ್ಧತಿಗೆ ಮರಳಿತು. ಪಠ್ಯಕ್ರಮ ಬದಲಾದರೂ ಕೌಶಲದ ಅಗತ್ಯ ಬದಲಾಗಿಲ್ಲ.

ಪರದೆಯ ಹಿಂದಿನ ಮೌನ

ದೂರಶಿಕ್ಷಣ ತಜ್ಞ ಮೈಕೆಲ್ ಮೂರ್ 1989ರಲ್ಲಿ ಕಲಿಕೆಯ ಒಡನಾಟವನ್ನು ಮೂರು ಬಗೆಯಾಗಿ ವಿಂಗಡಿಸಿದರು: ಪಾಠದೊಡನೆ, ಅಧ್ಯಾಪಕರೊಡನೆ, ಸಹಪಾಠಿಗಳೊಡನೆ. ವಿಡಿಯೊ ನೋಡಲು ಬಲ್ಲ ವಿದ್ಯಾರ್ಥಿಗೆ ಮೊದಲನೆಯದು ಅಷ್ಟಿಷ್ಟು ದಕ್ಕುತ್ತದೆ. ಪ್ರಶ್ನೆ ಬರೆಯಲು, ಉತ್ತರ ಸಲ್ಲಿಸಲು ತಿಳಿಯದಿದ್ದರೆ ಉಳಿದೆರಡೂ ಕೈತಪ್ಪುತ್ತವೆ. ಇಂಥ ಮೌನವನ್ನು ನಿರಾಸಕ್ತಿ ಎಂದು ಭಾವಿಸುವುದು ಸುಲಭ.

ತೊಡಕುಗಳು ಸಣ್ಣವೇ. ‘ನುಡಿ’ಯ ಹಳೆಯ ಆವೃತ್ತಿಯ ಫಾಂಟ್‌ನಲ್ಲಿ ಟೈಪ್ ಮಾಡಿದ ಉತ್ತರ, ಯುನಿಕೋಡ್ ಬಳಸುವ ತಾಣದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಸಿಮ್ ಬದಲಾದರೆ ಒಟಿಪಿ ಹಳೆಯ ಸಂಖ್ಯೆಗೇ ಹೋಗುತ್ತದೆ. ಮನೆಗೊಂದೇ ಮೊಬೈಲ್ ಇದ್ದು ಅದು ತಂದೆಯೊಡನೆ ಹೊಲಕ್ಕೆ ಹೋದರೆ, ಮಗಳ ಪಾಠ ಸಂಜೆಯವರೆಗೆ ಕಾಯಬೇಕು.

ಪರಿಹಾರದ ದಾರಿ

ಕೋರ್ಸ್‌ನ ಮೊದಲ ವಾರವನ್ನು ಪಾಠಕ್ಕಲ್ಲ, ಬಳಕೆಯ ಅಭ್ಯಾಸಕ್ಕೆ ಮೀಸಲಿಡುವುದು ಉಪಯುಕ್ತ. ಮೊಬೈಲ್‌ನಲ್ಲಿ ಯುನಿಕೋಡ್ ಕನ್ನಡ ಟೈಪಿಂಗ್, ಕೈಬರಹದ ಪುಟಗಳನ್ನು ಪಿಡಿಎಫ್ ಮಾಡಿ ಕಳುಹಿಸುವುದು, ಪಾಸ್‌ವರ್ಡ್ ರಕ್ಷಣೆ, ಚರ್ಚೆಯಲ್ಲಿ ಒಂದು ಪ್ರಶ್ನೆ ಕೇಳುವುದು - ಇವನ್ನು ಅಂಕಗಳ ಭಯವಿಲ್ಲದೆ, ಕನ್ನಡದಲ್ಲೇ ಕಲಿಸಬೇಕು. ನೆಟ್‌ವರ್ಕ್ ದುರ್ಬಲವಾಗಿರುವ ಊರುಗಳಿಗೆ ವಿಡಿಯೊಗಿಂತ ಧ್ವನಿಮುದ್ರಿತ ಪಾಠ ಮತ್ತು ಟಿಪ್ಪಣಿ ಲೇಸು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಾದ ‘ಅರಿವು ಕೇಂದ್ರ’ಗಳ ಗಣಕಯಂತ್ರಗಳನ್ನೂ ಇದಕ್ಕೆ ಬಳಸಿಕೊಳ್ಳಬಹುದು.

‘ಸ್ವಯಂ’ ತಾಣದ ಕೋರ್ಸ್‌ಗಳಿಂದ ಒಂದು ಸೆಮಿಸ್ಟರಿನ ಶೇ 40ರವರೆಗಿನ ವಿಷಯಗಳನ್ನು ಪಡೆಯಲು ಯುಜಿಸಿ 2021ರಲ್ಲಿ ಅವಕಾಶ ನೀಡಿದೆ. ಕಡಗಂಚಿಯ ಹಾದಿಯಲ್ಲೋ ಭೀಮೆಯ ದಡದಲ್ಲೋ ಇರುವ ವಿದ್ಯಾರ್ಥಿನಿಗೆ ಆ ಬಾಗಿಲು ತೆರೆದಿದೆ. ಒಳಗೆ ಹೋಗಿ ಮಾತನಾಡುವ ಧೈರ್ಯವನ್ನು ಅವಳಿಗೆ ಕೊಡಬೇಕಾದದ್ದು ಊರಿನ ಕಾಲೇಜೇ.