ಕೈಗೊಂದು ಡ್ರೈ ರನ್

ಲಕ್ವಾ ಹೊಡೆದು ವರ್ಷ ಕಳೆದರೆ ‘ಆ ಕೈ ಇನ್ನು ಅಷ್ಟೇ’ ಅಂತಾರೆ ನಮ್ಮೂರ ಕಡೆ. ವೈದ್ಯರಲ್ಲೂ ಬಹುಕಾಲ ಹೆಚ್ಚುಕಡಿಮೆ ಅದೇ ನಂಬಿಕೆ ಇತ್ತು. ಕೋಡ್ ಓಡಿಸುವ ಮೊದಲು ತಲೆಯಲ್ಲೇ ಡ್ರೈ ರನ್ ಮಾಡ್ತೀವಲ್ಲ, ಕೈಗೂ ಹಾಗೆ ಮಾಡಬಹುದಾ?

1930ರ ಸುಮಾರಿಗೇ ಅಮೆರಿಕದ ಎಡ್ಮಂಡ್ ಜೇಕಬ್ಸನ್, ಕೈ ಮಡಚಿದಂತೆ ಕಲ್ಪಿಸಿಕೊಂಡರೂ ಸ್ನಾಯುವಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಏಳುವುದನ್ನು ಅಳೆದಿದ್ದರು. 1995ರಲ್ಲಿ ಪಾಸ್ಕುವಲ್-ಲಿಯೋನ್ ತಂಡ ಕೆಲವರಿಂದ 5 ದಿನ, ದಿನಕ್ಕೆ 2 ಗಂಟೆ, ಮನಸ್ಸಿನಲ್ಲೇ ಪಿಯಾನೋ ನುಡಿಸಿಸಿತು. ನಿಜವಾಗಿ ನುಡಿಸಿದವರ ಮಿದುಳಿನಲ್ಲಾದಂಥ ಬದಲಾವಣೆ ಇವರಲ್ಲೂ ಕಂಡಿತು.

2007ರಲ್ಲಿ ಸ್ಟೀಫನ್ ಪೇಜ್ ತಂಡ, ಲಕ್ವಾ ಹೊಡೆದು ವರ್ಷ ದಾಟಿದ್ದ 32 ಜನರಿಗೆ ಥೆರಪಿ ಕೊಟ್ಟಿತು. ಜೊತೆಗೆ ಅದೇ ಚಲನೆಗಳನ್ನು ಮನಸ್ಸಿನಲ್ಲೂ ಅಭ್ಯಾಸ ಮಾಡಿದವರ ಕೈ ಉಳಿದವರಿಗಿಂತ ಹೆಚ್ಚು ಸುಧಾರಿಸಿತು.

ಬರೀ ಕಲ್ಪನೆ ಸಾಲದು, ಥೆರಪಿ ಬೇಕೇ ಬೇಕು. ಆದರೆ ವರ್ಷ ದಾಟಿತು ಅಂತ ಕೈಚೆಲ್ಲಬೇಕಿಲ್ಲ.