ವಿದಾರೀಕಂದವೂ ನೆಲಗುಂಬಳವೂ

ಪ್ರಾಚೀನ ಪಾನುಂಗಲ್ಲು 500ರ ಮುಖ್ಯ ಪಟ್ಟಣವಾಗಿದ್ದ ಹಾನುಗಲ್ಲಿನ ತಾಲೂಕಿನಲ್ಲಿರುವ ಅಕ್ಕಿಆಲೂರು, ಮಲೆನಾಡು ಮುಗಿದು ಬಯಲು ತೊಡಗುವ ಸೀಮೆಗೆ ಸೇರಿದುದು. ಇಂಥ ಸೀಮೆಗಳ ಎಲೆಯುದುರುವ ಕಾಡುಗಳಲ್ಲಿ ಹಬ್ಬುವ ಬಳ್ಳಿಗಳಲ್ಲಿ ನೆಲಗುಂಬಳವೂ ಒಂದು. ಸಂಸ್ಕೃತದಲ್ಲಿ ಇದಕ್ಕೆ ವಿದಾರೀ, ಭೂಮಿಕೂಷ್ಮಾಂಡ ಎಂಬ ಹೆಸರುಗಳುಂಟು. ಇದು ಅವರೆಯ ಕುಲದ್ದು. ಒಂದೊಂದು ತೊಟ್ಟಿಗೆ ಮೂರು ಎಲೆ, ಹೂವು ನೀಲಿ.

ಇದರ ಗಡ್ಡೆಯನ್ನು ಕಾಡಿನ ಜನರು ಹಸಿಯಾಗಿಯೂ ಬೇಯಿಸಿಯೂ ತಿನ್ನುತ್ತ ಬಂದಿರುವರು. ಕುದುರೆಗಳಿಗೂ ಇದು ಪ್ರಿಯವಾದುದೆಂಬುದನ್ನು ನಿಘಂಟುಗಳ ‘ಗಜವಾಜಿಪ್ರಿಯಾ’, ಹಿಂದಿಯ ‘ಘೋಡಾಬೇಲ್’ ಎಂಬ ಹೆಸರುಗಳೇ ಸಾರುತ್ತವೆ. ಚರಕಸಂಹಿತೆಯ ಚ್ಯವನಪ್ರಾಶದಲ್ಲಿ ವಿದಾರಿ ಸೇರಿದೆ. ಬಾಣಂತಿಯರ ಹಾಲು ಹೆಚ್ಚಿಸಲೂ ವೈದ್ಯರು ಇದನ್ನು ಕೊಡುತ್ತಿದ್ದರು.

ಸುಶ್ರುತಸಂಹಿತೆಯು ಸ್ಥಾವರವಿಷದ 10 ಆಶ್ರಯಗಳಲ್ಲಿ ಕಂದವನ್ನೂ ಎಣಿಸಿ 13 ಕಂದವಿಷಗಳನ್ನು ಹೇಳಿದೆ, ವಿದಾರಿ ಅವುಗಳಲ್ಲಿಲ್ಲ. ಕೇಡಿರುವುದು ಬಹುಮಟ್ಟಿಗೆ ಹೆಸರಿನಲ್ಲಿ. ಅಮರಸಿಂಹನು ವಿದಾರಿಯಿಂದ ಕ್ಷೀರವಿದಾರಿಯನ್ನು ಸ್ಪಷ್ಟವಾಗಿ ಬೇರ್ಪಡಿಸಿದ್ದಾನೆ. ಕನ್ನಡದ ನೆಲಗುಂಬಳವೆಂಬ ಮಾತಾದರೋ ಎರಡಕ್ಕೂ ಸಲ್ಲುತ್ತದೆ. ಕ್ಷೀರವಿದಾರಿಯು ಗೆಣಸಿನ ಕುಲದ್ದು. ಕೊಯ್ದರೆ ಹಾಲು ಸುರಿಯುವುದು, ಎಲೆ ಅಂಗೈಯಂತೆ ಸೀಳಿರುವುದು. ಆ ಕುಲದ ಹಲವು ಗಡ್ಡೆಗಳಲ್ಲಿ ಭೇದಿ ಮಾಡಿಸುವ ಅಂಟು ಉಂಟು. ಕೇರಳದಲ್ಲಿ ವಿಷಾಂಶವುಳ್ಳ ಮೂರನೆಯದೊಂದು ಬಳ್ಳಿಯೂ ವಿದಾರಿಯೆನಿಸಿಕೊಂಡಿದೆ!

ನಿಜವಾದ ವಿದಾರಿಯೂ ಕೇವಲ ನಿರಪಾಯವಲ್ಲ. ಸ್ತ್ರೀಯರ ಈಸ್ಟ್ರೋಜನ್ ಸ್ರಾವದಂತೆ ವರ್ತಿಸುವ ದ್ರವ್ಯಗಳು ಅದರಲ್ಲಿರುವುದು ಈಗ ತಿಳಿದಿರುವುದರಿಂದ, ಗರ್ಭಿಣಿಯರಿಗೆ ಅದು ಸಲ್ಲದು. ಅಗೆದು ಹೋಳುಮಾಡಿ ಒಣಗಿಸಿದ ಮೇಲಂತೂ ಯಾವ ಗಡ್ಡೆ ಯಾವುದೆಂದು ಹೇಳುವುದು ಕಷ್ಟ. ಬಳ್ಳಿಯಲ್ಲಿಯಾದರೂ ಎಲೆಯೊಂದನ್ನೇ ನಂಬುವಂತಿಲ್ಲ. ವಿದಾರಿಯು ಹೂ ಬಿಡುವ ಕಾಲಕ್ಕೆ ಬಹುಮಟ್ಟಿಗೆ ಎಲೆಯುದುರಿ ಬರಿದಾಗಿರುತ್ತದೆ.