ಮೂಸಿ ನದಿಯ ದಡದ ವ್ಯಾಕರಣ ಪಾಠ

ಕ್ರಿ.ಶ. 671ರ ಕೊನೆಗೆ ಚೀನಾದ ಗ್ವಾಂಗ್‌ಝೌ ಬಂದರಿನಿಂದ ಪಾರಸಿಕರ ಹಡಗು ಹತ್ತಿದ ಬೌದ್ಧ ಭಿಕ್ಷು ಇತ್ಸಿಂಗ್‌ಗೆ ಹೋಗಬೇಕಿದ್ದದ್ದು ನಳಂದಾಕ್ಕೆ. ಇಪ್ಪತ್ತು ದಿನ ತುಂಬುವ ಮೊದಲೇ ಹಡಗು ಸುಮಾತ್ರಾ ದ್ವೀಪದ ಶ್ರೀವಿಜಯಕ್ಕೆ ಬಂತು. ಮೂಸಿ ನದಿಯ ದಡದ ಇಂದಿನ ಪಾಲೆಂಬಾಂಗ್ ಅದು. ಜೊತೆಗೆ ಬಂದಿದ್ದ ಭಿಕ್ಷು ಕಾಯಿಲೆ ಬಿದ್ದು ಊರಿಗೆ ಮರಳಿದ. ಇತ್ಸಿಂಗ್ ಒಬ್ಬನೇ ಆರು ತಿಂಗಳು ಅಲ್ಲಿದ್ದು ಶಬ್ದವಿದ್ಯೆ, ಅಂದರೆ ಸಂಸ್ಕೃತ ವ್ಯಾಕರಣ ಕಲಿತ.

ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳುತ್ತಲೇ ಕೂದಲು ನೆರೆತವಳು ನಾನು. ಅವನ ಪ್ರವಾಸದ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಆರು ತಿಂಗಳು. ಏಳು ವಿಭಕ್ತಿ, ಮೂರು ವಚನ ಎಂದು ಅವನು ತನ್ನ ನಾಡಿನವರಿಗೆ ವಿವರಿಸುತ್ತಾನೆ. ಪುರುಷಃ, ಪುರುಷೌ, ಪುರುಷಾಃ ಎಂದು ಉದಾಹರಣೆ ಕೊಡುತ್ತಾನೆ. ನನ್ನ ಎಂಟನೇ ತರಗತಿಯ ಮಕ್ಕಳು ದ್ವಿವಚನಕ್ಕೆ ಬಂದು ತಡವರಿಸುತ್ತಿದ್ದರು. ಮೂವತ್ತೈದು ದಾಟಿದ, ಕಿವಿಗೆ ಬೇರೆಯೇ ನುಡಿ ಒಗ್ಗಿದ ಆ ಮನುಷ್ಯ ಅದನ್ನೇ ಒಂದು ದ್ವೀಪದಲ್ಲಿ ಕುಳಿತು ಬಾಯಿಪಾಠ ಮಾಡಿದ್ದನ್ನು ನೆನೆದಾಗ ಗೌರವ ಉಕ್ಕುತ್ತದೆ.

ಆ ಕಾಲದ ಕಡಲಯಾನ ಗಾಳಿಯ ಕೈಯಲ್ಲಿತ್ತು. ಚಳಿಗಾಲದ ಈಶಾನ್ಯ ಮಾರುತ ಚೀನಾದಿಂದ ಹಡಗುಗಳನ್ನು ತೆಂಕಣಕ್ಕೆ ತರುತ್ತಿತ್ತು. ಮುಂದಿನ ಗಾಳಿ ಏಳುವವರೆಗೆ ಕಾಯಲೇಬೇಕು. ಆ ಬಿಡುವನ್ನು ಶ್ರೀವಿಜಯ ಓದಿನ ಕಾಲವನ್ನಾಗಿ ಮಾಡಿತ್ತು. ಸಾವಿರಕ್ಕೂ ಹೆಚ್ಚು ಭಿಕ್ಷುಗಳು ಅಲ್ಲಿದ್ದಾರೆ, ಓದು ಮತ್ತು ಆಚಾರ ಎರಡೂ ಭಾರತದ ಮಧ್ಯದೇಶದಂತೆಯೇ ಇವೆ ಎಂದು ಇತ್ಸಿಂಗ್ ಬರೆದ. ಭಾರತಕ್ಕೆ ಹೊರಡುವ ಚೀನೀ ಭಿಕ್ಷು ಮೊದಲು ಇಲ್ಲಿ ಒಂದೆರಡು ವರ್ಷ ಅಭ್ಯಾಸ ಮಾಡಿ ಮುಂದೆ ಹೋಗಲಿ ಎಂಬ ಅವನ ಸಲಹೆ, ಹಾದಿಯಲ್ಲಿ ನಡೆದವನೊಬ್ಬ ಕೊಡಬಹುದಾದ ಅಪ್ಪಟ ಸಲಹೆ.

ಅವನ ಕಣ್ಣು ಗ್ರಂಥಗಳ ಮೇಲಷ್ಟೇ ಇರಲಿಲ್ಲ. ವರ್ಷದಲ್ಲಿ ಎರಡು ಸಲ ನಡುಹಗಲಲ್ಲಿ ಇಲ್ಲಿ ನಿಂತವನ ನೆರಳೇ ಬೀಳುವುದಿಲ್ಲ ಎಂದು ಗುರುತು ಹಾಕಿಕೊಂಡ. ಪಾಲೆಂಬಾಂಗ್ ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಮೂರೇ ಡಿಗ್ರಿ ದೂರ. ಸೂರ್ಯ ನೆತ್ತಿಯ ಮೇಲೆ ಎರಡು ಸಲ ಹಾಯುತ್ತಾನೆ. ಈ ದಕ್ಷಿಣ ಸಮುದ್ರದ ದ್ವೀಪಗಳಲ್ಲಿ ಭಿಕ್ಷುಗಳನ್ನು ಊಟಕ್ಕೆ ಕರೆಯುವವರು ಮೊದಲು ಅಡಿಕೆ, ಸುಗಂಧ ತೈಲ ಕೊಡುತ್ತಿದ್ದರಂತೆ. ಅಡಿಕೆ ಕೊಟ್ಟು ಕರೆಯುವ ಮಲೆನಾಡಿನ ಮನೆಯಲ್ಲಿ ಬೆಳೆದ ನನಗೆ ಆ ಸಾಲು ಹೊಸದೆನ್ನಿಸಲೇ ಇಲ್ಲ.

ನಳಂದಾದಲ್ಲಿ ಸುಮಾರು ಹತ್ತು ವರ್ಷ ಓದಿ, ಐದು ಲಕ್ಷ ಶ್ಲೋಕಗಳಷ್ಟು ಗ್ರಂಥ ಹೊತ್ತು ಅವನು ಮತ್ತೆ ಶ್ರೀವಿಜಯಕ್ಕೇ ಬಂದ. ನಕಲು, ಅನುವಾದ ಶುರುವಾಯಿತು. ಕಾಗದ, ಮಸಿ ಸಾಲಲಿಲ್ಲ. 689ರಲ್ಲಿ, ಅವನ್ನೂ ಬರೆಯುವವರನ್ನೂ ಕೇಳಿ ಗ್ವಾಂಗ್‌ಝೌಗೆ ಓಲೆ ಕಳಿಸಲೆಂದು ನದೀಮುಖದಲ್ಲಿದ್ದ ಹಡಗು ಹತ್ತಿದ. ಅಷ್ಟರಲ್ಲಿ ಗಾಳಿ ಎದ್ದಿತು, ವರ್ತಕರು ಹಾಯಿ ಏರಿಸಿಬಿಟ್ಟರು. ಗ್ರಂಥಗಳೆಲ್ಲ ದ್ವೀಪದಲ್ಲಿ, ಅವನು ಚೀನಾದಲ್ಲಿ! ಅದೇ ವರ್ಷ ನಾಲ್ವರು ಸಹಾಯಕರೊಡನೆ ಅವನು ಹಿಂತಿರುಗಿದ.

ಇಷ್ಟು ದೊಡ್ಡ ರಾಜ್ಯವನ್ನು ಆಮೇಲೆ ಲೋಕ ಮರೆತದ್ದು ನನಗೆ ನೋವಿನ ಸಂಗತಿ. ಶಾಸನದಲ್ಲಿ ಶ್ರೀವಿಜಯ ಎಂಬ ಹೆಸರು ಸಿಕ್ಕಾಗ ಅದು ರಾಜನ ಹೆಸರೆಂದು ವಿದ್ವಾಂಸರು ತಿಳಿದಿದ್ದರು. 1918ರಲ್ಲಿ ಫ್ರೆಂಚ್ ವಿದ್ವಾಂಸ ಜಾರ್ಜ್ ಸೆಡೆಸ್ ಶಾಸನಗಳನ್ನೂ ಚೀನೀ ಬರಹಗಳನ್ನೂ ಜೋಡಿಸಿ ಅದು ರಾಜ್ಯವೆಂದು ತೋರಿಸಿದ. ಎರಡು ವರ್ಷದ ಮೇಲೆ ಪಾಲೆಂಬಾಂಗ್ ಬಳಿ ಕೆಡುಕನ್ ಬುಕಿತ್ ಶಾಸನ ಸಿಕ್ಕಿತು. ಪಲ್ಲವ ಲಿಪಿ, ಹಳೆಯ ಮಲಯ ಭಾಷೆ, ಇತ್ಸಿಂಗ್ ಇನ್ನೂ ನಳಂದಾದಲ್ಲಿದ್ದಾಗ ಕೊರೆದದ್ದು. ಆರಂಭ ಮಾತ್ರ ನಮ್ಮ ಚಾಲುಕ್ಯರ ಶಾಸನಗಳಂತೆಯೇ ‘ಸ್ವಸ್ತಿ ಶ್ರೀ’. ಆದರೆ ಆ ಕಲ್ಲು ಹೇಳುವುದು ದಂಡಯಾತ್ರೆಯನ್ನು. ಊರಿನ ಊಟ, ಓದು, ನೆರಳು ಉಳಿದದ್ದು ಯಾತ್ರಿಕನ ಬರಹದಲ್ಲೇ.

ಇತ್ಸಿಂಗ್ 695ರಲ್ಲಿ ಲುವೊಯಾಂಗ್ ಸೇರಿದಾಗ ಸಾಮ್ರಾಜ್ಞಿ ವೂ ಝೆಟಿಯನ್ ಅವನನ್ನು ಸ್ವಾಗತಿಸಿದಳು. ಆದರೆ ಅವನ ಜೊತೆ ಹೋಗಿದ್ದ ನಾಲ್ವರಲ್ಲಿ ಹುವಾಯ್‌ಯೆ ಎಂಬ ಭಿಕ್ಷುವಿಗೆ ಶ್ರೀವಿಜಯದ ಮೇಲೆ ಮನಸ್ಸು ನಿಂತಿತ್ತು. ಅವನು ಚೀನಾಕ್ಕೆ ಮರಳಲಿಲ್ಲ.